ಶುಗಾಕುಯಿನ್ ಅರಮನೆ ಟೂರ್: ಆ ಸಂಸಾರದ ಕಥೆ ತಿಳಿದುಕೊಂಡೇ ಹೋಗಿ

ಕ್ಯೋಟೋಗೆ ಹೋದವರು ಶುಗಾಕುಯಿನ್ ಅರಮನೆಯ ಟೂರ್ ತಪ್ಪಿಸಬೇಡಿ. ನನ್ನ ಕಡೆಯಿಂದ ಐದಕ್ಕೆ ಐದು ಸ್ಟಾರ್. ಜಾಸ್ತಿ ಜನ ಇದನ್ನು ತೋಟ ಅಂತ ನೋಡಿ ಬರುತ್ತಾರೆ, ತೋಟ ಚೆನ್ನಾಗಿರುವುದೂ ನಿಜವೇ, ಆದರೆ ನನಗೆ ಇಷ್ಟವಾಗಿದ್ದು ಇದರ ಹಿಂದಿರುವ ದೊಡ್ಡ ಸಂಸಾರ.

ಕಟ್ಟಿಸಿದವನು ಗೋ-ಮಿಜುನೂ ಚಕ್ರವರ್ತಿ. ಪಟ್ಟಕ್ಕೆ ಬಂದಿದ್ದು 1611ರಲ್ಲಿ. ಆಗ ಅಧಿಕಾರವೆಲ್ಲ ಸೇನಾಧಿಪತಿಗಳಾಗಿ ದೇಶ ಆಳುತ್ತಿದ್ದ ತೊಕುಗಾವಾ ಶೋಗುನ್‌ಗಳ ಕೈಯಲ್ಲಿತ್ತು. 1620ರಲ್ಲಿ ಶೋಗುನ್ ಹಿದೆತಾದ ತನ್ನ ಮಗಳು ಮಸಾಕೊಳನ್ನು ಇವನಿಗೆ ಕೊಟ್ಟ. ಅಷ್ಟರೊಳಗೆ ಅರಮನೆಯ ಇನ್ನೊಬ್ಬಳಲ್ಲಿ ಇವನಿಗೆ ಮಕ್ಕಳಾಗಿದ್ದವು, ಅದು ತಿಳಿದು ಶೋಗುನ್ ಕಡೆಯವರು ಕೆಂಡವಾಗಿದ್ದರು. ಆಮೇಲೂ ಜಗಳ ನಿಲ್ಲಲಿಲ್ಲ. 1629ರಲ್ಲಿ ಶೋಗುನ್ ಮನೆಯವರನ್ನು ಒಂದು ಮಾತೂ ಕೇಳದೆ ಸಿಂಹಾಸನ ಬಿಟ್ಟುಬಿಟ್ಟ. ಮಸಾಕೊಳ ಪುಟ್ಟ ಮಗಳು ಮೇಶೋ ಅಂತ ಪಟ್ಟಕ್ಕೆ ಕೂತಳು. ಎಂಟು ಶತಮಾನಗಳ ನಂತರ ಒಬ್ಬ ಹೆಣ್ಣು ಜಪಾನಿನ ಪಟ್ಟವೇರಿದ್ದು ಆಗ! ಅವಳಾದ ಮೇಲೆ ತಮ್ಮಂದಿರು ಗೋ-ಕೋಮ್ಯೋ, ಗೋ-ಸಾಯ್, ರೇಗೆನ್. ನಾಲ್ವರಿಗೂ ತಾಯಿ ಬೇರೆ ಬೇರೆ. ಅಪ್ಪ 1680ರವರೆಗೂ ಇದ್ದ.

ಜಾಗ ಮೂರು ಭಾಗ. ಕೆಳಗಿನದನ್ನು ಬೇಗ ನೋಡಿ ಮುಗಿಸಬಹುದು. ಮಧ್ಯದ್ದರಲ್ಲಿ ಮಾತ್ರ ನಿಧಾನಿಸಿ. ಅಲ್ಲಿರುವ ರಕುಶಿಕೆನ್ ಅನ್ನುವ ಮನೆ ಅವನ ಮಗಳು ಅಕೆನೋಮಿಯಾಗೆ ಕಟ್ಟಿಸಿದ್ದು. ಅಪ್ಪ ಸತ್ತ ಮೇಲೆ ಅವಳು ಸನ್ಯಾಸಿನಿಯಾಗಿ ಅಲ್ಲಿ ರಿನ್‌ಕ್ಯೂಜಿ ದೇವಾಲಯ ಮಾಡಿದಳು. ಪಕ್ಕದ ಕ್ಯಾಕುದೆನ್ ಮಸಾಕೊಳ ಅರಮನೆಯ ಕಟ್ಟಡ, ಅವಳು ತೀರಿಕೊಂಡ ಮೇಲೆ ಬಿಚ್ಚಿ ತಂದು ಇಲ್ಲಿ ನಿಲ್ಲಿಸಿದ್ದಾರೆ. ಅಕೆನೋಮಿಯಾ ಮಸಾಕೊ ಹೆತ್ತ ಮಗಳಲ್ಲ, ಆದರೂ ಆ ರಾಣಿಯ ಕೋಣೆ ಬಂದು ಸೇರಿದ್ದು ಇವಳ ಅಂಗಳಕ್ಕೆ. ಇದು ನನಗೆ ಬಹಳ ಹಿಡಿಸಿತು. ಒಳಗೆ ಮೇಲೆ ಕೆಳಗೆ ಜೋಡಿಸಿದ ಐದು ಹಲಗೆಗಳ ಕಸುಮಿದಾನಾ ಇದೆ, ಜಪಾನಿನ ಮೂರು ಹೆಸರಾಂತ ಗೋಡೆ ಕಪಾಟುಗಳಲ್ಲಿ ಅದೂ ಒಂದು. ಮರದ ಬಾಗಿಲ ಮೇಲೆ ಬರೆದ ಮೀನುಗಳಿಗೆ ಬಲೆ ಹಾಕಿರುವುದನ್ನೂ ನೋಡಿ. ರಾತ್ರಿ ಹೊತ್ತು ಮೀನುಗಳು ತಪ್ಪಿಸಿಕೊಳ್ಳುತ್ತಿದ್ದವಂತೆ, ಅದಕ್ಕೇ ಆಮೇಲೆ ಬಲೆ ಬರೆಸಿದರು ಅನ್ನುತ್ತಾರೆ.

ಮತ್ತೊಬ್ಬ ಮಗಳು ಬುಂಚಿ, ಮದುವೆಗೆ ಮುಂಚೆ ಹುಟ್ಟಿ ಆ ಗಲಾಟೆಗೆ ಕಾರಣವಾದ ಮಕ್ಕಳಲ್ಲಿ ಒಬ್ಬಳು. ಅವಳೂ ಸನ್ಯಾಸ ತೆಗೆದುಕೊಂಡು ಇದೇ ಶುಗಾಕುಯಿನ್‌ನಲ್ಲಿ ಎನ್ಶೋಜಿ ಅಂತ ಮಠ ಮಾಡಿಕೊಂಡಿದ್ದಳು. ಅಪ್ಪನಿಗೆ ಅರಮನೆ ಕಟ್ಟಲು ಈ ಜಾಗ ಬೇಕಾಯಿತು. ಮಠ ನಾರಾಕ್ಕೆ ಹೋಯಿತು, ಈಗಲೂ ಅಲ್ಲೇ ಇದೆ.

ಮೇಲಿನ ಭಾಗಕ್ಕೆ ಏರುವ ದಾರಿಯಲ್ಲಿ ಎರಡೂ ಕಡೆ ಎತ್ತರದ ಬೇಲಿ, ಏನೂ ಕಾಣಲ್ಲ. ರಿನ್‌ಉನ್‌ತೆಯ್ ಅನ್ನುವ ಮೇಲ್ತುದಿಯ ಮಂಟಪ ತಲುಪಿ ಹಿಂದಕ್ಕೆ ತಿರುಗಿ ನೋಡಿದರೆ ಕೆರೆ, ಗುಡ್ಡ, ದೂರದ ಬೆಟ್ಟ ಎಲ್ಲ ಒಟ್ಟಿಗೆ ಎದುರಿಗೆ! ಬೇಕಂತಲೇ ಹಾಗೆ ಮಾಡಿದ್ದಾರೆ.

ಟೂರ್ ಸುಮಾರು 80 ನಿಮಿಷ, ನಡಿಗೆ 3 ಕಿಲೋಮೀಟರ್, ಏರು ದಾರಿ, ಕೆಳಗೆಲ್ಲ ಜಲ್ಲಿಕಲ್ಲು. ಒಳ್ಳೆಯ ಶೂ ಹಾಕಿಕೊಳ್ಳಿ. 18 ವರ್ಷ ತುಂಬಿರಬೇಕು, ಪಾಸ್‌ಪೋರ್ಟ್ ಕೈಯಲ್ಲಿರಲಿ, ಮೊದಲೇ ಆನ್‌ಲೈನಲ್ಲಿ ಅರ್ಜಿ ಹಾಕಿದರೆ ಒಳ್ಳೆಯದು. ಕಟ್ಟಡಗಳ ಒಳಗೆ ಬಿಡಲ್ಲ, ಗುಂಪು ಬಿಟ್ಟು ಸುಮ್ನೆ ಅಡ್ಡಾಡುವ ಹಾಗೂ ಇಲ್ಲ. ಕ್ಯೋಟೋದಲ್ಲೇ ಇರುವ ಕತ್ಸುರಾ ಅರಮನೆ ನೋಡಲು 1000 ಯೆನ್ ಕೊಡಬೇಕು, ಇಲ್ಲಿ ದುಡ್ಡೇ ಇಲ್ಲ. ಇಷ್ಟು ಒಳ್ಳೆಯ ಜಾಗಕ್ಕೆ ಪುಕ್ಕಟೆ ಪ್ರವೇಶ ಅಂದರೆ ದೊಡ್ಡ ವಿಷಯ ಅಲ್ವಾ?

ಮರುದಿನ ಬಿಡುವಿದ್ದರೆ ಕ್ಯೋಟೋದಲ್ಲೇ ಇರುವ ಸೆನ್ನ್ಯೂಜಿ ದೇವಾಲಯಕ್ಕೆ ಹೋಗಿ. ಗೋ-ಮಿಜುನೂ, ಮೇಶೋ, ಅವಳ ತಮ್ಮಂದಿರು, ರೇಗೆನ್‌ನ ಮಗ ಹಿಗಾಶಿಯಾಮ, ಎಲ್ಲರ ಸಮಾಧಿಯೂ ಅಲ್ಲೇ. ಹಿಗಾಶಿಯಾಮನ ಒಬ್ಬ ಮಗನಿಂದ ಕಾನ್‌ಇನ್ ಅನ್ನುವ ರಾಜಮನೆತನದ ಶಾಖೆ ಶುರುವಾಯಿತು, ಈಗಿನ ಚಕ್ರವರ್ತಿ ನರುಹಿತೊ ಬಂದಿದ್ದು ಆ ಶಾಖೆಯಿಂದಲೇ. ಸಮಾಧಿಗಳ ಹತ್ತಿರಕ್ಕೆ ಬಿಡುವುದಿಲ್ಲ, ಬಾಗಿಲ ಈಚೆಯಿಂದಲೇ ಕೈಮುಗಿಯಬೇಕು. ಆದರೂ ಹೋಗಿ, ಶುಗಾಕುಯಿನ್ ನೋಡಿಕೊಂಡ ಮೇಲೆ ಹೋದರೆ ಅಲ್ಲಿರುವವರೆಲ್ಲ ಗುರುತಿನವರಾಗಿರುತ್ತಾರೆ.