ಓಟಿಪಿ ಬರಲೇ ಇಲ್ಲ, ಆದ್ರೂ ಕಾರ್ಡ್‌ನಿಂದ ರೊಕ್ಕ ಹೋಯ್ತು

ಕಲಬುರಗಿಯ ಗಂಜ್‌ನಲ್ಲಿ ನಮ್ಮ ಕಾಕಾ ಅಡತ್ ಅಂಗಡಿ ಇಟ್ಟಿದ್ದಾರೆ. ತೊಗರಿ ವ್ಯಾಪಾರ. ಲೆಕ್ಕದಲ್ಲಿ ಒಂದು ರೂಪಾಯಿ ಆಚೀಚೆ ಆಗಲು ಬಿಡುವವರಲ್ಲ. ಗುರುತಿಲ್ಲದ ನಂಬರಿನ ಫೋನ್ ಎತ್ತುವುದಿಲ್ಲ, ಲಿಂಕ್ ಒತ್ತುವುದಿಲ್ಲ, ಓಟಿಪಿಯನ್ನು ಮನೆಯವರಿಗೂ ಹೇಳುವುದಿಲ್ಲ. ಅಂಥವರ ಕ್ರೆಡಿಟ್ ಕಾರ್ಡ್‌ನಿಂದ ಒಂದೇ ರಾತ್ರಿ 64 ಸಾವಿರ ರೂಪಾಯಿ ಹೋಯಿತು. ಕಾರ್ಡ್ ಅವರ ಜೇಬಿನಲ್ಲೇ ಇತ್ತು. ಓಟಿಪಿ ಬಂದೇ ಇರಲಿಲ್ಲ.

ಓಟಿಪಿ ಯಾರಿಗೂ ಹೇಳದಿದ್ದರೆ ಸಾಕು, ಏನೂ ಆಗಲ್ಲ ಅಂತ ನಂಬಿರುವವರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ಇದನ್ನು ಅವರೆಲ್ಲ ಓದಬೇಕು.

ನಡೆದದ್ದು ಹೀಗೆ. ನಡುರಾತ್ರಿ ಮೊದಲು ಒಂದು ಡಾಲರ್ ಕಟ್ ಆದ ಮೆಸೇಜ್ ಬಂದಿದೆ. ಯಾವುದೋ ವಿದೇಶಿ ವೆಬ್‌ಸೈಟಿನ ಹೆಸರು. ಅದಾದ ಸ್ವಲ್ಪ ಹೊತ್ತಿಗೆ ಮೂರು ದೊಡ್ಡ ಮೊತ್ತ, ಎಲ್ಲವೂ ಡಾಲರಿನಲ್ಲೇ. ಕಾಕಾ ನೋಡಿದ್ದು ಬೆಳಿಗ್ಗೆ, ಶರಣಬಸವೇಶ್ವರ ಗುಡಿಗೆ ಹೊರಡುವಾಗ. ನನಗೆ ಫೋನ್ ಮಾಡಿ "ತಮ್ಮಾ, ಇವೇನೋ ಮೆಸೇಜ್ ಬಂದಾವ, ಜಲ್ದಿ ಬಾ" ಅಂದರು. ದನಿಯಲ್ಲೇ ಗಾಬರಿ ಗೊತ್ತಾಯಿತು.

ಆ ಒಂದು ಡಾಲರ್ ಇದೆಯಲ್ಲ, ಅದು ಪರೀಕ್ಷೆ. ಕದ್ದ ಕಾರ್ಡ್ ನಂಬರ್ ಇನ್ನೂ ಚಾಲ್ತಿಯಲ್ಲಿದೆಯಾ ಅಂತ ಕಳ್ಳರು ಮೊದಲು ಸಣ್ಣ ಮೊತ್ತ ಹಾಕಿ ನೋಡುತ್ತಾರೆ. ಅದು ಪಾಸಾದರೆ ದೊಡ್ಡದಕ್ಕೆ ಕೈ ಹಾಕುತ್ತಾರೆ. ಹಾಗಾಗಿ ನೀವು ಖರ್ಚು ಮಾಡದ ಹತ್ತು ರೂಪಾಯಿ ಕಟ್ ಆದರೂ ಸುಮ್ನೆ ಬಿಡಬೇಡಿ. ಆ ಗಳಿಗೆಯಲ್ಲೇ ಕಾರ್ಡ್ ಬ್ಲಾಕ್ ಮಾಡಿ.

ಓಟಿಪಿ ಯಾಕೆ ಬರಲಿಲ್ಲ? ನಮ್ಮ ದೇಶದೊಳಗಿನ ಆನ್‌ಲೈನ್ ಕಾರ್ಡ್ ಪಾವತಿಗೆ ಎರಡನೇ ಹಂತದ ಖಾತ್ರಿ ಬೇಕು ಅಂತ ರಿಸರ್ವ್ ಬ್ಯಾಂಕ್ 2009ರಲ್ಲೇ ನಿಯಮ ಮಾಡಿತು. ನಾವು ನೋಡುವ ಓಟಿಪಿ ಅದರಿಂದಲೇ ಬಂದದ್ದು. ಹೊರದೇಶದ ಎಷ್ಟೋ ವೆಬ್‌ಸೈಟ್‌ಗಳು ಅದನ್ನು ಕೇಳುವುದಿಲ್ಲ. ಕಾರ್ಡ್ ನಂಬರ್, ಮುಗಿಯುವ ತಿಂಗಳು, ಹಿಂದಿರುವ ಮೂರಂಕಿ ಸಿವಿವಿ ಇದ್ದರೆ ಸಾಕು. ಕೆಲವು ಕಡೆ ಸಿವಿವಿಯೂ ಬೇಡ. ಈ ವಿವರಗಳು ಕಳ್ಳರ ಕೈಗೆ ಹೋಗಲು ನೀವೇ ಹೇಳಬೇಕು ಅಂತಿಲ್ಲ. ಯಾವುದೋ ವೆಬ್‌ಸೈಟಿನಿಂದ ಸೋರಿರಬಹುದು, ಲಾಡ್ಜಿನ ಕೌಂಟರಿನಲ್ಲಿ ಯಾರೋ ಕಾರ್ಡಿನ ಎರಡೂ ಬದಿಯ ಫೋಟೋ ತೆಗೆದಿರಬಹುದು.

ಕಾಕಾ ಅವರ ಕಾರ್ಡಿನಲ್ಲಿ ವಿದೇಶಿ ಬಳಕೆ ಆನ್ ಇತ್ತು. ಮಗಳು ಹೊರದೇಶದ ಪರೀಕ್ಷೆಗೆ ಫೀಸ್ ಕಟ್ಟುವಾಗ ಆನ್ ಮಾಡಿದ್ದು, ಹಾಗೇ ಉಳಿದಿತ್ತು.

ಅವತ್ತು ಬೆಳಿಗ್ಗೆ ಇನ್ನೊಂದು ಅನಾಹುತ ಸ್ವಲ್ಪದರಲ್ಲೇ ತಪ್ಪಿತು. ಅವರ ಮಗ ಗಾಬರಿಯಲ್ಲಿ ಬ್ಯಾಂಕಿನ ಕಸ್ಟಮರ್ ಕೇರ್ ನಂಬರನ್ನು ಇಂಟರ್‌ನೆಟ್‌ನಲ್ಲಿ ಹುಡುಕಿ ಕರೆ ಮಾಡಿದ್ದ. ಆ ಕಡೆಯವನು ಬಹಳ ಮರ್ಯಾದೆಯಿಂದ ಮಾತಾಡಿ, "ರೊಕ್ಕ ವಾಪಸ್ ಹಾಕ್ತೀವಿ ಸರ್, ಒಂದು ಆ್ಯಪ್ ಕಳಿಸೀನಿ, ಹಾಕ್ಕೊಳ್ರಿ" ಅಂದ. ಅದು ನಮ್ಮ ಫೋನಿನ ಪರದೆಯನ್ನು ಅವರಿಗೆ ತೋರಿಸುವ ಆ್ಯಪ್. ನಾನು ಹೋಗಿ ಕರೆ ಕಟ್ ಮಾಡಿಸಿದೆ. ಮೋಸ ಹೋದವರು ಹುಡುಕುತ್ತಾರೆ ಅಂತಲೇ ಇಂಥ ನಕಲಿ ನಂಬರ್‌ಗಳನ್ನು ಹಾಕಿರುತ್ತಾರೆ. ಸರಿಯಾದ ನಂಬರ್ ನಿಮ್ಮ ಕಾರ್ಡಿನ ಹಿಂದೆಯೇ ಅಚ್ಚಾಗಿರುತ್ತದೆ. ಇವತ್ತೇ ಅದನ್ನು ಫೋನಿನಲ್ಲಿ ಸೇವ್ ಮಾಡಿ, ಮನೆಯ ಒಂದು ಡೈರಿಯಲ್ಲೂ ಬರೆದಿಡಿ. ಕಾರ್ಡೇ ಕಳೆದ ದಿನ ಡೈರಿ ಬೇಕಾಗುತ್ತದೆ.

ಕಾರ್ಡ್ ಬ್ಲಾಕ್ ಮಾಡಿಸಿ, ದೂರು ನಂಬರ್ ಬರೆದುಕೊಂಡು, 1930ಕ್ಕೆ ಕರೆ ಮಾಡಿದೆವು. ಅದು ಸೈಬರ್ ವಂಚನೆಗೆಂದೇ ಇರುವ ಸರ್ಕಾರಿ ಸಹಾಯವಾಣಿ. ಆಮೇಲೆ ಬ್ರಾಂಚಿಗೆ ಹೋದೆವು. ನನಗೆ ಅತ್ಯಂತ ಸಿಟ್ಟು ಬಂದದ್ದು ಅಲ್ಲಿ.

"ಓಟಿಪಿ ಯಾರಿಗೋ ಹೇಳಿರ್ತೀರಿ, ನೆನಪು ಮಾಡ್ಕೊಳ್ರಿ" ಅಂದರು ಅಲ್ಲಿನ ಸಿಬ್ಬಂದಿ.

"ಬಂದೇ ಇಲ್ರಿ ಸಾಹೇಬ್ರ. ಬರದ ಓಟಿಪಿ ಹೆಂಗ ಹೇಳಲಿ?" ಅಂದರು ಕಾಕಾ.

ಕ್ರೆಡಿಟ್ ಕಾರ್ಡ್ ವಿಭಾಗ ಬೇರೆ, ನಮಗೆ ಸಂಬಂಧ ಇಲ್ಲ ಅಂತ ಕಳಿಸಲು ನೋಡಿದರು. ನಾವು ಕದಲಲಿಲ್ಲ. ದೂರನ್ನು ಬರೆದು ಕೊಟ್ಟು, ನಕಲಿನ ಮೇಲೆ ಸೀಲು, ತಾರೀಖು ಹಾಕಿಸಿಕೊಂಡೇ ಹೊರಬಂದೆವು. ವಯಸ್ಸಾದವರೊಬ್ಬರೇ ಹೋಗಿದ್ದರೆ ತಮ್ಮದೇ ತಪ್ಪು ಅಂದುಕೊಂಡು ವಾಪಸ್ ಬರುತ್ತಿದ್ದರು, ಅಲ್ವಾ?

ನಿಯಮ ಏನು ಹೇಳುತ್ತದೆ ಅಂತ ಗೊತ್ತಿದ್ದರೆ ಧೈರ್ಯ ಬರುತ್ತದೆ. ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಆದೇಶ ಇದೆ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲ, ನಡುವೆ ಇನ್ನೆಲ್ಲೋ ಆಗಿದೆ ಅನ್ನುವಾಗ, ಮೆಸೇಜ್ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರು ಒಂದು ರೂಪಾಯಿಯನ್ನೂ ಹೊರಬೇಕಿಲ್ಲ. 4ರಿಂದ 7 ಕೆಲಸದ ದಿನ ಆದರೆ ಸ್ವಲ್ಪ ಪಾಲು ನಮ್ಮ ಮೇಲೆ ಬೀಳುತ್ತದೆ. 5 ಲಕ್ಷದವರೆಗಿನ ಲಿಮಿಟ್ ಇರುವ ಕ್ರೆಡಿಟ್ ಕಾರ್ಡಿಗೆ ಅದು ಹೆಚ್ಚೆಂದರೆ 10,000 ರೂಪಾಯಿ. ಅದಕ್ಕಿಂತ ತಡವಾದರೆ ಆಯಾ ಬ್ಯಾಂಕಿನ ನೀತಿ. ದೂರು ಕೊಟ್ಟ 10 ಕೆಲಸದ ದಿನಗಳಲ್ಲಿ ಮೊತ್ತವನ್ನು ತಾತ್ಕಾಲಿಕವಾಗಿ ವಾಪಸ್ ಹಾಕಬೇಕು, 90 ದಿನಗಳೊಳಗೆ ತೀರ್ಮಾನ ಮಾಡಬೇಕು. ತಪ್ಪು ಗ್ರಾಹಕರದು ಅಂತ ಸಾಬೀತು ಮಾಡುವ ಹೊಣೆ ಬ್ಯಾಂಕಿನದೇ. ನೀವೇ ಓಟಿಪಿ ಕೊಟ್ಟಿದ್ದರೆ ಮಾತು ಬೇರೆ, ಆಗ ದೂರು ಕೊಡುವವರೆಗಿನ ನಷ್ಟ ನಿಮ್ಮದು. ಆಗಲೂ ಬೇಗ ತಿಳಿಸಿದಷ್ಟು ಒಳ್ಳೆಯದು, ಯಾಕೆಂದರೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು.

ದಯವಿಟ್ಟು ಇದೊಂದು ಕೆಲಸ ಈಗಲೇ ಮಾಡಿ. ಬ್ಯಾಂಕಿನ ಆ್ಯಪ್ ತೆರೆದು ಕಾರ್ಡಿನ ಸೆಟ್ಟಿಂಗ್‌ಗೆ ಹೋಗಿ. 'ಇಂಟರ್‌ನ್ಯಾಷನಲ್' ಅಂತ ಇರುವುದನ್ನು ಆಫ್ ಮಾಡಿ. ಆನ್‌ಲೈನ್ ಖರೀದಿ ಮಾಡದವರು ಅದನ್ನೂ ಆಫ್ ಮಾಡಿ, ಮಾಡುವವರು ಮಿತಿಯನ್ನು ಕಡಿಮೆ ಇಡಿ. ಈ ಸೌಲಭ್ಯ ಎಲ್ಲ ಬ್ಯಾಂಕುಗಳೂ ಕೊಡಲೇಬೇಕು ಅನ್ನುವ ನಿಯಮ 2020ರ ಅಕ್ಟೋಬರ್‌ನಿಂದ ಇದೆ. ಬೇಕಾದಾಗ ಆನ್ ಮಾಡಿ, ಕೆಲಸ ಮುಗಿದ ಕೂಡಲೇ ಆಫ್ ಮಾಡಿ. ಟ್ಯಾಪ್ ಮಾಡಿ ಕೊಡುವ ಪಾವತಿಯನ್ನೂ ನೋಡಿಕೊಳ್ಳಿ, ಅದರಲ್ಲಿ 5,000 ರೂಪಾಯಿವರೆಗೆ ಪಿನ್ ಇಲ್ಲದೆ ಹೋಗುತ್ತದೆ. ಅಪ್ಪ, ಅವ್ವ, ಅಜ್ಜ ಯಾರ ಹತ್ತಿರ ಕಾರ್ಡ್ ಇದೆಯೋ ಅವರ ಫೋನ್ ತಗೊಂಡು ನೀವೇ ಮಾಡಿಕೊಡಿ. ಅವರಾಗಿ ಕೇಳುವುದಿಲ್ಲ.

ಕಾಕಾ ಅವರ 64 ಸಾವಿರ ವಾಪಸ್ ಬಂದಿದೆ. ತಡವಾಗಿ ಬಂತು, ನಡುವೆ ಆ ಮೊತ್ತವೂ ಸೇರಿ ಬಿಲ್ ಬಂತು, ವಸೂಲಿಯವರ ಕರೆಗಳೂ ಬಂದವು. ತಾವು ಖರ್ಚು ಮಾಡಿದ್ದನ್ನು ಮಾತ್ರ ಕಟ್ಟಿ, ಉಳಿದದ್ದರ ಮೇಲೆ ತಕರಾರು ಇದೆ ಅಂತ ಇಮೇಲ್ ಹಾಕಿದೆವು. ಆದರೂ ಅದರ ಮೇಲೆ ಹಾಕಿದ ಬಡ್ಡಿ, ಲೇಟ್ ಫೀ ಇನ್ನೂ ತೆಗೆದಿಲ್ಲ. ಇಂಥ ಪ್ರಕರಣದಲ್ಲಿ ಗ್ರಾಹಕರ ಮೇಲೆ ಬಡ್ಡಿ ಹೊರಿಸುವಂತಿಲ್ಲ ಅಂತ ಅದೇ ಆದೇಶದಲ್ಲಿದೆ. ಬ್ಯಾಂಕಿಗೆ ಬರೆದು 30 ದಿನ ಕಳೆದರೂ ಉತ್ತರ ಇಲ್ಲದ ಕಾರಣ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅಂದರೆ ಬ್ಯಾಂಕುಗಳ ಮೇಲಿನ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗೆ, ದೂರು ಹಾಕಿದ್ದೇವೆ. ಅದಕ್ಕೆ ಫೀಸ್ ಇಲ್ಲ, ವಕೀಲರೂ ಬೇಡ. ಮಾಹಿತಿ ಬೇಕಿದ್ದರೆ 14448ಕ್ಕೆ ಕರೆ ಮಾಡಬಹುದು. ಏನು ತೀರ್ಮಾನ ಬರುತ್ತದೆ ಅಂತ ಇಲ್ಲೇ ತಿಳಿಸುತ್ತೇನೆ.