ಪುಣೆಯ ಬ್ಯಾಟುಗಳೋ, ಲಾರ್ಡ್ಸ್‌ನ ಬೋರ್ಡೋ?

ನವುಲೆ ಸ್ಟೇಡಿಯಂನಲ್ಲಿ ರಣಜಿ ಪಂದ್ಯ ನೋಡುತ್ತಾ ಕೂತಿದ್ದಾಗ ಪಕ್ಕದಲ್ಲಿದ್ದ ಗೆಳೆಯರು ಕೇಳಿದರು: "ಪುಣೇದು, ಲಂಡನ್ನಿನ ಲಾರ್ಡ್ಸ್ ಮೈದಾನದ್ದು, ಎರಡೂ ಕ್ರಿಕೆಟ್ ಮ್ಯೂಸಿಯಂ ನೋಡಿ ಬಂದಿದೀರಲ್ಲ, ಮಕ್ಕಳನ್ನ ಕರ್ಕೊಂಡು ಹೋಗೋಕೆ ಯಾವುದು ಒಳ್ಳೇದು?" ಅವತ್ತು ಚಹಾ ವಿರಾಮದಲ್ಲಿ ಅರ್ಧ ಉತ್ತರ ಕೊಟ್ಟಿದ್ದೆ. ಉಳಿದರ್ಧ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ಹೋಗಿದ್ದು ಪುಣೆಗೆ. ಸಹಕಾರ ನಗರದಲ್ಲಿ 'ಬ್ಲೇಡ್ಸ್ ಆಫ್ ಗ್ಲೋರಿ' ಅಂತ ಮ್ಯೂಸಿಯಂ ಇದೆ. 2012ರಲ್ಲಿ ಸಚಿನ್ ತೆಂಡೂಲ್ಕರ್ ಉದ್ಘಾಟನೆ ಮಾಡಿದ್ದು. ದಸರಾ ರಜೆಯಲ್ಲಿ ಅಣ್ಣನ ಮಗನನ್ನು ಕರೆದುಕೊಂಡು ಶಿವಮೊಗ್ಗದಿಂದ ಸಂಜೆ ಬಸ್ ಹತ್ತಿದೆ. ಬೆಳಿಗ್ಗೆ ಪುಣೆ. ಒಳಗೆ ಕಾಲಿಟ್ಟರೆ ಎಲ್ಲಿ ನೋಡಿದರೂ ಆಟಗಾರರು ಸಹಿ ಮಾಡಿದ ಬ್ಯಾಟುಗಳು, ಜೆರ್ಸಿಗಳು. ಹುಡುಗನಿಗೆ ಹಬ್ಬ. ಒಂದು ಬ್ಯಾಟಿನ ಮುಂದೆ ನಿಂತು ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿದ. "ಚಿಕ್ಕಪ್ಪ, ಇದು ಯಾರ ಸಹಿ? ಇದು? ಇದು?" ಅಂತ ಒಂದೊಂದೇ ಗೀಚು ಬಿಡಿಸಿ ಓದಿದ. ಕೆಲವು ಕಡೆ ಶಾಯಿ ಮಾಸಿ ಮರದ ಬಣ್ಣಕ್ಕೇ ತಿರುಗಿತ್ತು. ಅವನು ಟಿವಿಯಲ್ಲಿ ಮಾತ್ರ ನೋಡಿದವರ ಕೈ ಆ ಮರದ ಮೇಲೆ ಓಡಾಡಿದೆ. ಹನ್ನೆರಡು ವರ್ಷದ ಹುಡುಗನಿಗೆ ಇನ್ನೇನು ಬೇಕು?

ಒಂದು ಗಂಟೆ ಕಳೆದ ಮೇಲೆ ನನ್ನ ಕಣ್ಣಿಗೆ ಬ್ಯಾಟುಗಳೆಲ್ಲ ಒಂದರಲ್ಲೊಂದು ಬೆರೆತುಹೋದವು. ಅದು ಮ್ಯೂಸಿಯಂ ತಪ್ಪಲ್ಲ. ನಾನು ಸಹಿಗಿಂತ ಕತೆ ಹುಡುಕುವವನು, ಅಷ್ಟೇ.

ಆ ಕತೆ ಸಿಕ್ಕಿದ್ದು ಲಾರ್ಡ್ಸ್‌ನಲ್ಲಿ. ಮಗಳು ಲಂಡನ್ನಿನಲ್ಲಿ ಕೆಲಸ ಮಾಡುತ್ತಾಳೆ, ಅವಳನ್ನು ನೋಡಲು ಹೋದಾಗ ಆ ಆಸೆಯೂ ತೀರಿತು. ಆ ಮೈದಾನದ ಒಡೆತನವಿರುವ ಎಂಸಿಸಿ (ಮೇರಿಲ್‌ಬೋನ್ ಕ್ರಿಕೆಟ್ ಕ್ಲಬ್) ಮ್ಯೂಸಿಯಂ 1953ರಲ್ಲಿ ಶುರುವಾದದ್ದು. ಎಲ್ಲರೂ ನೇರ ಹೋಗುವುದು ಇಂಗ್ಲೆಂಡ್-ಆಸ್ಟ್ರೇಲಿಯಾ ಟೆಸ್ಟ್ ಸರಣಿಯ ಗುರುತಾದ ಆಶಸ್ (ಅಂದರೆ ಬೂದಿ) ಕುಂಡದ ಹತ್ತಿರ. ಎಷ್ಟು ಚಿಕ್ಕದು ಅಂತೀರಿ! ಸುಮಾರು 11 ಸೆಂಟಿಮೀಟರ್ ಎತ್ತರ. ನಮ್ಮ ಅಮ್ಮನ ಕುಂಕುಮದ ಭರಣಿ ನೆನಪಾಯಿತು. ಮಣ್ಣಿನ ಬಣ್ಣ, ಹೊಟ್ಟೆಯ ಮೇಲೆ ಪದ್ಯ ಬರೆದ ಒಂದು ಚೀಟಿ ಅಂಟಿಸಿದೆ. 1882ರಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ಆಸ್ಟ್ರೇಲಿಯಾಕ್ಕೆ ಇಂಗ್ಲೆಂಡ್ ಸೋತಾಗ ಪತ್ರಿಕೆಯೊಂದು 'ಇಂಗ್ಲಿಷ್ ಕ್ರಿಕೆಟ್ ಸತ್ತಿತು, ಸುಟ್ಟ ಬೂದಿ ಆಸ್ಟ್ರೇಲಿಯಾಕ್ಕೆ ಹೋಗುತ್ತದೆ' ಅಂತ ತಮಾಷೆಗೆ ಬರೆಯಿತು. ಆ ಬೂದಿಯನ್ನು ವಾಪಸ್ ತರಲು ಆಸ್ಟ್ರೇಲಿಯಾಕ್ಕೆ ಹೋದ ಇಂಗ್ಲೆಂಡ್ ನಾಯಕ ಐವೋ ಬ್ಲೈಗೆ ಸಿಕ್ಕ ಉಡುಗೊರೆ ಇದು. ಅವರು ತೀರಿಕೊಂಡ ಮೇಲೆ ಹೆಂಡತಿ ಎಂಸಿಸಿಗೆ ಕೊಟ್ಟರು. ಸರಣಿ ಯಾರೇ ಗೆಲ್ಲಲಿ, ಕುಂಡ ಇರುವುದು ಲಾರ್ಡ್ಸ್‌ನಲ್ಲೇ.

ನನ್ನನ್ನು ಜಾಸ್ತಿ ಹೊತ್ತು ನಿಲ್ಲಿಸಿದ್ದು ಮಾತ್ರ ಒಂದು ಗುಬ್ಬಿ. 1936ರಲ್ಲಿ ಇಲ್ಲಿ ಆಡುವಾಗ ಜಹಾಂಗೀರ್ ಖಾನ್ ಎಸೆದ ಚೆಂಡು ತಗುಲಿ ಸತ್ತದ್ದು. ಸ್ಟಫ್ ಮಾಡಿ, ಚೆಂಡಿನ ಮೇಲೆ ಕೂರಿಸಿ ಇಟ್ಟಿದ್ದಾರೆ. ಇದೇ ಜಹಾಂಗೀರ್ ಖಾನ್ 1932ರಲ್ಲಿ ಇದೇ ಮೈದಾನದಲ್ಲಿ ಭಾರತದ ಮೊಟ್ಟಮೊದಲ ಟೆಸ್ಟ್ ಆಡಿದ್ದರು. ಒಂದು ಹಿಡಿಯಷ್ಟೂ ಇಲ್ಲದ ಹಕ್ಕಿ ಎಷ್ಟು ಇತಿಹಾಸ ಹೊತ್ತಿದೆ ನೋಡಿ.

ಹೋಲಿಸಿ ಹೇಳುವುದಾದರೆ, ಮಕ್ಕಳ ಜೊತೆಗೆ ಪುಣೆಯೇ ಸರಿ. ಖರ್ಚು ಕಡಿಮೆ, ಮಕ್ಕಳಿಗೆ ಗೊತ್ತಿರುವ ಹೆಸರುಗಳು, ಒಂದು ವಾರಾಂತ್ಯದಲ್ಲಿ ಮುಗಿಯುತ್ತದೆ. ಮ್ಯೂಸಿಯಂ ನೋಡಲೆಂದೇ ಲಂಡನ್ನಿಗೆ ಹೋಗಿ ಅಂತ ಯಾರಿಗೂ ಹೇಳಲಾರೆ. ಹೇಗೂ ಹೋಗುವವರು ಮಾತ್ರ ಬಿಡಬೇಡಿ. ಸುಮ್ನೆ ಮ್ಯೂಸಿಯಂ ನೋಡಿ ವಾಪಸ್ ಬರಬೇಡಿ, ಗೈಡ್ ಜೊತೆಗಿನ ಟೂರ್ ತಗೊಳ್ಳಿ. ಪಂದ್ಯಗಳ ದಿನಾಂಕ ತಪ್ಪಿಸಿ ಮೊದಲೇ ಬುಕ್ ಮಾಡಿ.

ಯಾಕೆಂದರೆ ಟೂರ್‌ನಲ್ಲೇ ಡ್ರೆಸಿಂಗ್ ರೂಮ್ ಒಳಗೆ ಬಿಡುತ್ತಾರೆ. ಅಲ್ಲಿ ಲಾರ್ಡ್ಸ್‌ನಲ್ಲಿ ಶತಕ ಹೊಡೆದವರ, ಐದು ವಿಕೆಟ್ ಪಡೆದವರ ಹೆಸರಿನ ಬೋರ್ಡುಗಳಿವೆ. 1996ರಲ್ಲಿ ಐದು ವಿಕೆಟ್ ತೆಗೆದ ವೆಂಕಟೇಶ್ ಪ್ರಸಾದ್ ಇದ್ದಾರೆ. ಅದೇ ಪಂದ್ಯದಲ್ಲಿ 95ಕ್ಕೆ ಔಟಾದ ರಾಹುಲ್ ದ್ರಾವಿಡ್ ಬೋರ್ಡಿಗೆ ಬರಲು 2011ರ ತನಕ, ಹದಿನೈದು ವರ್ಷ ಕಾದರು. 2021ರ ಕೆ.ಎಲ್. ರಾಹುಲ್ ಕೂಡ ಇದ್ದಾರೆ. ನಾನು ಹುಡುಕಿದ್ದು 1979. ನಾನು ಹುಟ್ಟಿದ್ದು ಭದ್ರಾವತಿಯಲ್ಲಿ. ಗುಂಡಪ್ಪ ವಿಶ್ವನಾಥ್ ಹುಟ್ಟಿದ್ದೂ ಅಲ್ಲೇ. ಆ ವರ್ಷದ ಲಾರ್ಡ್ಸ್ ಟೆಸ್ಟ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಇನಿಂಗ್ಸ್‌ನಲ್ಲಿ ಭಾರತ 96ಕ್ಕೆ ಆಲೌಟ್. ಎರಡನೆಯದರಲ್ಲಿ ವೆಂಗ್‌ಸರ್ಕಾರ್ 103, ವಿಶ್ವನಾಥ್ 113. ಪಂದ್ಯ ಡ್ರಾ ಆಗಿ ಉಳಿಯಿತು.

ಹೊರಗೆ ಬಂದು ಮೈದಾನದ ಕಡೆ ಮುಖ ಮಾಡಿ ಕೂತು ಅಣ್ಣನಿಗೆ ಫೋನ್ ಮಾಡಿದೆ. 1979ರ ಆ ಆಗಸ್ಟ್ ಮಳೆಯಲ್ಲಿ ಗೊರಗೊರ ಅನ್ನುತ್ತಿದ್ದ ರೇಡಿಯೋಗೆ ಕಿವಿ ಕೊಟ್ಟು ಕೂತಿದ್ದವನು ಅವನು. ನಾನಾಗ ಇನ್ನೂ ಚಿಕ್ಕವನು. ಫೋಟೋ ಕಳಿಸಲಾ ಅಂದೆ.

"ಫೋಟೋ ಆಮೇಲೆ. ಬೋರ್ಡ್ ಮೇಲೆ ಏನಿದೆ, ಮೊದಲು ಹೇಳು."

ಹೇಳಿದೆ. ವರ್ಷ, ಹೆಸರು, 113.

"ಇನ್ನೊಂದ್ಸಲ ಹೇಳು" ಅಂದ.