ಥ್ರಾಟಲ್‌ಸ್ಟಾಪ್: ಸದಾ ಫುಲ್ ಸ್ಪೀಡಿನಲ್ಲಿದ್ದ ಪ್ರೊಸೆಸರ್‌ಗೆ ಕಡಿವಾಣ

ಪ್ರೊಸೆಸರ್‌ನ ವೇಗವನ್ನು ಗಮನಿಸಿ ಹಿಡಿತದಲ್ಲಿಡುವ ಥ್ರಾಟಲ್‌ಸ್ಟಾಪ್ ಎಂಬ ತಂತ್ರಾಂಶವನ್ನು ಕೆಲವು ವರ್ಷಗಳಿಂದ ದಿನವೂ ಬಳಸುತ್ತಿದ್ದೇನೆ. ಇದು ಉಚಿತ, ವಿಂಡೋಸ್‌ನಲ್ಲಿ ಓಡುತ್ತದೆ. ಆದರೆ ಇಂಟೆಲ್ ಪ್ರೊಸೆಸರ್‌ಗಳಿಗೆ ಮಾತ್ರ. ಎಎಮ್‌ಡಿ ಇರುವವರಿಗೆ ಉಪಯೋಗವಿಲ್ಲ.

ನನ್ನ ಲ್ಯಾಪ್‌ಟಾಪ್ ಸುಮ್ನೆ ಇಟ್ಟಿದ್ದರೂ ಟಾಸ್ಕ್ ಮ್ಯಾನೇಜರ್‌ನಲ್ಲಿ ವೇಗ ಕೆಳಗಿಳಿಯುತ್ತಲೇ ಇರಲಿಲ್ಲ. ಫ್ಯಾನ್ ಸದ್ದು ನಿಲ್ಲುತ್ತಿರಲಿಲ್ಲ. ಇಂಥ ತೊಂದರೆ ಇದ್ದರೆ ಮೊದಲು ವಿಂಡೋಸ್‌ನ ಪವರ್ ಆಪ್ಷನ್ಸ್ ನೋಡಿ. ಹೈ ಪರ್ಫಾರ್ಮೆನ್ಸ್ ಪ್ಲಾನ್‌ನಲ್ಲಿ ಮಿನಿಮಮ್ ಪ್ರೊಸೆಸರ್ ಸ್ಟೇಟ್ (ಪ್ರೊಸೆಸರ್ ಇಳಿಯಬಹುದಾದ ಕನಿಷ್ಠ ಮಟ್ಟ) 100% ಇರುತ್ತದೆ. ಅದನ್ನು 5%ಗೆ ಇಳಿಸಿದರೆ ಕೆಲವರಿಗೆ ಅಲ್ಲಿಗೇ ಮುಗಿಯಬಹುದು. ನನಗೆ ಮುಗಿಯಲಿಲ್ಲ. ಲ್ಯಾಪ್‌ಟಾಪ್ ಜೊತೆಗೇ ಬಂದಿದ್ದ ಒಂದು ಯುಟಿಲಿಟಿ, ರೀಸ್ಟಾರ್ಟ್ ಮಾಡಿದಾಗಲೆಲ್ಲ ಹಳೆಯ ಸೆಟ್ಟಿಂಗ್ ಅನ್ನೇ ತಂದು ಕೂರಿಸುತ್ತಿತ್ತು.

ಥ್ರಾಟಲ್‌ಸ್ಟಾಪ್‌ನ ಸ್ಪೀಡ್ ಶಿಫ್ಟ್ ಇಪಿಪಿ ಅನ್ನುವ ಸೆಟ್ಟಿಂಗ್ ಇದಕ್ಕೆ ಮದ್ದಾಯಿತು. ಇಂಟೆಲ್ 2015ರಲ್ಲಿ ಸ್ಕೈಲೇಕ್ ಪ್ರೊಸೆಸರ್‌ಗಳ ಜೊತೆ ಸ್ಪೀಡ್ ಶಿಫ್ಟ್ ತಂದ ಮೇಲೆ ವೇಗ ಏರಿಸುವುದು, ಇಳಿಸುವುದು ಹೆಚ್ಚಾಗಿ ಪ್ರೊಸೆಸರ್‌ನದೇ ತೀರ್ಮಾನ. ಇಪಿಪಿ ಮೂಲಕ ನಾವು ಕೊಡುವುದು ಒಂದು ಸೂಚನೆ ಮಾತ್ರ, 0ಯಿಂದ 255ರ ವರೆಗಿನ ಒಂದು ಸಂಖ್ಯೆ. 0 ಅಂದರೆ ಪೂರ್ತಿ ವೇಗ, 255 ಅಂದರೆ ಆದಷ್ಟು ಉಳಿತಾಯ. ನಾನು ಚಾರ್ಜರ್‌ನಲ್ಲಿರುವಾಗ 128, ಬ್ಯಾಟರಿಗೆ ಅದಕ್ಕಿಂತ ಜಾಸ್ತಿ ಇಟ್ಟಿದ್ದೇನೆ. ವೇಗ ತಕ್ಷಣ ಇಳಿಯಿತು.

ಆದರೂ ಬಿಸಿ ಪೂರ್ತಿ ಹೋಗಲಿಲ್ಲ. ಈ ತಂತ್ರಾಂಶ ನನಗೆ ಇಷ್ಟವಾಗಿದ್ದು ಇಲ್ಲಿಯೇ. ಇದರಲ್ಲಿ ಸಿ0 ಅಂತ ಒಂದು ಕಾಲಂ ಇದೆ. ಪ್ರೊಸೆಸರ್‌ನ ಪ್ರತಿ ಕೋರ್ (ಕೆಲಸ ಮಾಡುವ ಘಟಕ) ಎಷ್ಟು ಹೊತ್ತು ಎಚ್ಚರವಾಗಿದೆ ಅನ್ನುವುದನ್ನು ಅದು ಶೇಕಡಾದಲ್ಲಿ ತೋರಿಸುತ್ತದೆ. ಸುಮ್ನೆ ಇರುವ ಯಂತ್ರದಲ್ಲಿ ಅದು ಒಂದೆರಡು ಶೇಕಡಾ ಇದ್ದರೆ ಸರಿ. ನನ್ನದರಲ್ಲಿ ಅದು ತೀರಾ ಮೇಲಿತ್ತು. ಹುಡುಕಿದರೆ ಹಿನ್ನೆಲೆಯಲ್ಲಿ ಒಂದು ಪ್ರೋಗ್ರಾಂ ಬಿಡುವಿಲ್ಲದೆ ಓಡುತ್ತಿತ್ತು. ತೆಗೆದು ಹಾಕಿದ ಮೇಲೆ ಫ್ಯಾನ್ ತಣ್ಣಗಾಯಿತು. ವೇಗದ ಅಂಕಿ ದೊಡ್ಡದಿದ್ದರೆ ಗಾಬರಿಯಾಗುವುದು ಸಹಜ, ಅಲ್ವಾ? ಆದರೆ ನಿದ್ದೆಯಲ್ಲಿರುವ ಕೋರ್ ಹೆಚ್ಚು ಕರೆಂಟ್ ತಿನ್ನುವುದಿಲ್ಲ, ತೋರಿಸುವ ವೇಗ ಎಷ್ಟೇ ಇರಲಿ. ಅದಕ್ಕೇ ನಾನು ಈಗ ಮೊದಲು ಸಿ0 ನೋಡುತ್ತೇನೆ, ಆಮೇಲೆ ವೇಗ.

ಕೊರತೆಯೂ ಇದೆ. ಕಿಟಕಿ ತುಂಬ ಬಟನ್‌ಗಳು, ಹೊಸಬರಿಗೆ ಎಲ್ಲಿ ಮುಟ್ಟಬೇಕು ಅಂತ ಗೊತ್ತಾಗುವುದಿಲ್ಲ. ವೋಲ್ಟೇಜ್ ಇಳಿಸುವ ಸೌಲಭ್ಯ ಇದೆಯಾದರೂ, 2019ರಲ್ಲಿ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ದೋಷ ಬಯಲಾದ ಮೇಲೆ ಅನೇಕ ಲ್ಯಾಪ್‌ಟಾಪ್‌ಗಳ ಬಯೋಸ್‌ನಲ್ಲೇ (ಆನ್ ಮಾಡಿದಾಗ ಮೊದಲು ಓಡುವ ಮೂಲ ತಂತ್ರಾಂಶ) ಅದಕ್ಕೆ ಬೀಗ ಬಿದ್ದಿದೆ. ನಮ್ಮ ಈ ತೊಂದರೆಗೆ ಅದು ಬೇಕಾಗಿಯೂ ಇಲ್ಲ.

ಒಂದು ಮಾತು ಮಾತ್ರ ಮರೆಯಬೇಡಿ. ಲಾಗಿನ್ ಆದಾಗ ತಾನಾಗಿ ಶುರುವಾಗಲು ಇದನ್ನು ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ಗೆ ಸೇರಿಸಬೇಕು. ಅಲ್ಲಿ ‘ಚಾರ್ಜರ್ ಇದ್ದಾಗ ಮಾತ್ರ ಶುರು ಮಾಡು’, ‘3 ದಿನಕ್ಕಿಂತ ಹೆಚ್ಚು ಓಡಿದರೆ ನಿಲ್ಲಿಸು’ ಅನ್ನುವ ಎರಡು ಟಿಕ್‌ಗಳು ಮೊದಲೇ ಇರುತ್ತವೆ. ಎರಡನ್ನೂ ತೆಗೆಯಿರಿ. ಇಲ್ಲದಿದ್ದರೆ ಬ್ಯಾಟರಿಯಲ್ಲಿ ಆನ್ ಮಾಡಿದ ದಿನ ಇದು ಶುರುವೇ ಆಗುವುದಿಲ್ಲ.